ಮೇಷ್ಟ್ರು ತೀರಿಕೊಂಡ ವರ್ಷ ಯಾವುದು? ಕನ್ನಡ ಪುಸ್ತಕ ಪ್ರಾಧಿಕಾರಕ್ಕೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕನ್ನಡ ಪುಸ್ತಕ ಪ್ರಾಧಿಕಾರ,
ಕನ್ನಡ ಭವನ, ಜೆ.ಸಿ. ರಸ್ತೆ, ಬೆಂಗಳೂರು.

ವಿಷಯ: ಅಚ್ಚಿನಲ್ಲಿಲ್ಲದ ಕನ್ನಡ ಪುಸ್ತಕಗಳ ಹಕ್ಕುದಾರರನ್ನು ಪತ್ತೆ ಮಾಡಲು ಒಂದು ವ್ಯವಸ್ಥೆ ಮಾಡಿಕೊಡುವಂತೆ ಕೋರಿಕೆ.

ಮಾನ್ಯರೇ, ನಮಸ್ಕಾರ.

ನಾನು ತುಮಕೂರಿನ ಒಬ್ಬ ಸಣ್ಣ ಪ್ರಕಾಶಕ. ವರ್ಷಕ್ಕೆ ಮೂರೋ ನಾಲ್ಕೋ ಪುಸ್ತಕ ತರುತ್ತೇನೆ. ಗೋದಾಮು ಅಂತ ಏನೂ ಇಲ್ಲ. ಪುಸ್ತಕದ ಕಟ್ಟುಗಳು ನಮ್ಮ ಮನೆಯ ದಿವಾನದ ಕೆಳಗೇ ಇರುತ್ತವೆ. ಈ ಪತ್ರ ಬರೆಯಲು ಕಾರಣ 96 ಪುಟದ ಒಂದು ಹಳೆಯ ಪುಸ್ತಕ. ಅದನ್ನು ಮತ್ತೆ ಅಚ್ಚು ಹಾಕಿಸಬೇಕೆಂದು ಹೊರಟು ಎರಡು ವರ್ಷವಾಯಿತು. ಇವತ್ತಿಗೂ ಹಾಕಿಸಲು ಆಗಿಲ್ಲ. ದುಡ್ಡಿಲ್ಲ ಅಂತಲ್ಲ. ಯಾರನ್ನು ಕೇಳಬೇಕು ಅನ್ನುವುದೇ ಪೂರ್ತಿ ಗೊತ್ತಾಗುತ್ತಿಲ್ಲ.

ಪುಸ್ತಕದ ಹೆಸರನ್ನೂ ಬರೆದವರ ಹೆಸರನ್ನೂ ಬೇಕೆಂದೇ ಇಲ್ಲಿ ಹೇಳುತ್ತಿಲ್ಲ. ಮನೆಯವರು ಎಲ್ಲರೂ ಒಪ್ಪುವ ತನಕ ಅದು ಸರಿಯಲ್ಲ. ಇಷ್ಟು ಹೇಳಬಹುದು: ಬರೆದವರು ಒಬ್ಬ ಪ್ರಾಥಮಿಕ ಶಾಲೆ ಮೇಷ್ಟ್ರು. ಬರೆದದ್ದು ನಮ್ಮ ಕಡೆಯ ಕೆರೆಗಳ ಬಗ್ಗೆ. ಏರಿ, ಕೋಡಿ, ತೂಬು, ಅಚ್ಚುಕಟ್ಟು, ಹೂಳು, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯ ಕೆಲಸ, ನೀರಗಂಟಿಗೆ ಸುಗ್ಗಿಯಲ್ಲಿ ಸಲ್ಲಬೇಕಾದ ಕಾಳಿನ ಲೆಕ್ಕ, ಮಳೆ ಕಡಿಮೆಯಾದ ವರ್ಷ ಯಾವ ಗದ್ದೆಗೆ ಮೊದಲು ನೀರು ಅನ್ನುವ ಊರಿನ ಕಟ್ಟುಪಾಡು. ತೂಬಿನ ಎರಡು ಕಲ್ಲುಕಂಬಗಳ ನಡುವೆ ಇಳಿದು ನೀರಗಂಟಿ ಗೂಟ ಎತ್ತುವುದನ್ನು ಅವರೇ ಕೈಯಾರೆ ಚಿತ್ರ ಬರೆದು ಬ್ಲಾಕ್ ಮಾಡಿಸಿ ಹಾಕಿಸಿದ್ದಾರೆ. ಆ ಚಿತ್ರದಲ್ಲಿ ನೀರಗಂಟಿಯ ತಲೆಯ ಮೇಲಿನ ಟವೆಲ್ ಕೂಡ ಕಾಣುತ್ತದೆ. ಇಂಥ ಮಾಹಿತಿ ಇಂದು ಕೆರೆ ಹೂಳೆತ್ತುವವರಿಗೂ ಸಿಗುವುದಿಲ್ಲ, ಪಿಎಚ್.ಡಿ. ಮಾಡುವವರಿಗೂ ಸಿಗುವುದಿಲ್ಲ.

ಪುಸ್ತಕ ನನಗೆ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಹಳೇ ಗೈಡುಗಳ ರಾಶಿಯಲ್ಲಿ. ಇಪ್ಪತ್ತು ರೂಪಾಯಿ. ರಕ್ಷಾಪುಟ ಇರಲಿಲ್ಲ, ಪುಣ್ಯಕ್ಕೆ ಮೊದಲ ಹಾಳೆಗಳು ಇದ್ದವು. ಹಳೆಯ ಪುಸ್ತಕ ಹುಡುಕುವವರಿಗೆ ಶೀರ್ಷಿಕೆ ಪುಟದ ಹಿಂಬದಿ ಎಷ್ಟು ಮುಖ್ಯ ಅನ್ನುವುದು ನಿಮಗೆ ಗೊತ್ತೇ ಇದೆ. ಅಲ್ಲಿ ಹೀಗಿತ್ತು: ‘ಮೊದಲ ಮುದ್ರಣ: 1961. ಪ್ರತಿಗಳು: 1000. ಬೆಲೆ: ರೂ. 1-25. ಎಲ್ಲ ಹಕ್ಕುಗಳೂ ಲೇಖಕರವು.’ ಕೆಳಗೆ ಒಂದು ಬುಕ್ ಡಿಪೋ ಹೆಸರು, ಒಂದು ಪ್ರೆಸ್ಸಿನ ಹೆಸರು. ಲೇಖಕರ ಹೆಸರಿನ ಹಿಂದೆ ಎರಡು ಇನಿಶಿಯಲ್. ‘ಅರಿಕೆ’ಯ ಕೊನೆಗೆ ‘ಶಾರ್ವರಿ ಸಂ॥ ವಿಜಯದಶಮಿ’ ಅಂತ ದಿನಾಂಕ, ಅಂದರೆ 1960ರ ನವರಾತ್ರಿ.

ನನ್ನ ಕೈಯಲ್ಲಿದ್ದ ಸುಳಿವು ಇಷ್ಟೇ.

ಹಳೇ ಮೈಸೂರು ಕಡೆಯ ಹೆಸರಲ್ಲಿ ಮೊದಲ ಇನಿಶಿಯಲ್ ಸಾಮಾನ್ಯವಾಗಿ ಊರು, ಎರಡನೆಯದು ತಂದೆ. ಇವರ ಮೊದಲ ಅಕ್ಷರ ‘ಹೊ.’ ಹೊಸಹಳ್ಳಿ ಇರಬಹುದು ಅಂತ ಹೊರಟೆ. ಕರ್ನಾಟಕದಲ್ಲಿ ಹೊಸಹಳ್ಳಿ ಎಷ್ಟಿವೆ ಅಂತ ಎಣಿಸಲು ಹೋಗಿದ್ದೀರಾ? ಹೋಗಬೇಡಿ. ನಾನು ಒಂದು ಜಿಲ್ಲೆಯದನ್ನು ಮಾತ್ರ ಎಣಿಸಿ ಸುಸ್ತಾಗಿ ಬಿಟ್ಟೆ.

ಬುಕ್ ಡಿಪೋ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಡಿಪೋ ನಡೆಸುತ್ತಿದ್ದವರ ಮೊಮ್ಮಗ ಸಿಕ್ಕರು. ಕಾಫಿ ಕೊಟ್ಟು, ಪುಸ್ತಕ ತಿರುವಿ ನೋಡಿ, “ಹಕ್ಕು ನಮ್ಮದೇ ಅಲ್ವಾ, ನಮ್ಮ ತಾತ ತಾನೇ ಹಾಕಿಸಿದ್ದು” ಅಂದರು. “ಎಲ್ಲ ಹಕ್ಕುಗಳೂ ಲೇಖಕರವು ಅಂತ ಅಚ್ಚಾಗಿದೆಯಲ್ಲ ಸಾರ್” ಅಂದೆ. “ಅದು ಸುಮ್ನೆ ಹಾಕ್ತಿದ್ರು ಬಿಡಿ” ಅಂದರು. ಹಕ್ಕು ಬರೆದುಕೊಟ್ಟ ಕಾಗದ ಏನಾದರೂ ಇದೆಯಾ ಅಂತ ಕೇಳಿದೆ. ಕೃತಿಸ್ವಾಮ್ಯ, ಅಂದರೆ ಕಾಪಿರೈಟ್, ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಬರವಣಿಗೆಯಲ್ಲಿ ಇರಬೇಕು, ಕೊಟ್ಟವರ ಸಹಿ ಇರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಮು ಇದನ್ನೇ ಹೇಳುತ್ತದೆ. “ಅರವತ್ತು ವರ್ಷದ ಕಾಗದ ಎಲ್ಲಿಂದ ತರೋಣ ಸ್ವಾಮಿ” ಅಂದರು. ಅವರ ಮೇಲೆ ನನಗೆ ಬೇಸರವಿಲ್ಲ. ಅಂಗಡಿ ಇಟ್ಟವರ ಮೊಮ್ಮಗನಿಗೆ ಪುಸ್ತಕದ ಹಕ್ಕೂ ಅಂಗಡಿಯ ಹಾಗೇ ಕಂಡಿತು, ಅಷ್ಟೆ.

ದಾರಿ ತೆರೆದದ್ದು ಪ್ರೆಸ್ಸಿನ ಕಡೆಯಿಂದ. ಪ್ರೆಸ್ ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೆ ಅಲ್ಲಿ ಹುಡುಗನಾಗಿ ಅಚ್ಚಿನ ಮೊಳೆ ಜೋಡಿಸಲು ಸೇರಿದ್ದ ಹಿರಿಯರೊಬ್ಬರು ಇನ್ನೂ ಇದ್ದಾರೆ. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ಒಂದು ಪುಟದ ಮೇಲೆ ಬೆರಳಿಟ್ಟರು. “ಇಲ್ಲಿ ನೋಡಿ, ‘ಳ’ ಕಮ್ಮಿ ಬಿತ್ತು ಅಂತ ಬೇರೆ ಸೈಜಿಂದು ಹಾಕಿದೀವಿ. ಮೇಷ್ಟ್ರು ಪ್ರೂಫ್ ನೋಡೋಕೆ ಸೈಕಲ್‌ನಲ್ಲಿ ಬರೋರು. ಈ ‘ಳ’ಗೆ ಬೈದಿದ್ರು.” ಕೆರೆ ಅಂದ ಮೇಲೆ ಹೂಳು, ಬೇಸಾಯ ಅಂದ ಮೇಲೆ ಕಾಳು. ಆ ಪುಸ್ತಕದ ತುಂಬ ‘ಳ’ ಇದೆ, ಪಾಪ. ಮೇಷ್ಟ್ರು ಯಾವ ಊರಿಂದ ಸೈಕಲ್ ಹೊಡೆದುಕೊಂಡು ಬರುತ್ತಿದ್ದರು ಅನ್ನುವುದು ಅವರಿಗೆ ನೆನಪಿತ್ತು. ಅದು ಹೊಸಹಳ್ಳಿಯಾಗಿರಲಿಲ್ಲ.

ಆ ಊರಿಗೆ ಹೋದೆ. ಮನೆ ಮಾರಿ ಮೂವತ್ತು ವರ್ಷವಾಗಿದೆ ಅಂದರು. ದೊಡ್ಡ ಮಗಳನ್ನು ಅರಸೀಕೆರೆ ಕಡೆ ಕೊಟ್ಟಿದ್ದರು ಅಂತ ಹೋಟೆಲಿನವರು ಹೇಳಿದರು. ಹೀಗೆ ಒಬ್ಬರಿಂದ ಒಬ್ಬರ ನಂಬರ್ ಹಿಡಿದು ಕೊನೆಗೆ ಬೆಂಗಳೂರಿನಲ್ಲಿರುವ ಒಬ್ಬ ಮೊಮ್ಮಗಳಿಗೆ ಫೋನ್ ಮಾಡಿದೆ. ಎಲ್ಲ ಹೇಳಿದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ನಮ್ಮ ತಾತ ಪುಸ್ತಕ ಬರೆದಿದ್ರಾ?” ಅಂದರು.

ಅವರ ಮನೆಯಲ್ಲಿ ಒಂದು ಪ್ರತಿಯೂ ಇರಲಿಲ್ಲ.

ಅಧ್ಯಕ್ಷರೇ, ಇಲ್ಲಿಯವರೆಗೆ ಹೇಳಿದ್ದು ದೂರಲ್ಲ. ಹುಡುಕುವುದರಲ್ಲಿ ಒಂದು ಖುಷಿಯೂ ಇರುತ್ತದೆ. ಕಷ್ಟ ಶುರುವಾದದ್ದು ಮನೆಯವರು ಸಿಕ್ಕ ಮೇಲೆ.

ಹಕ್ಕು ಯಾರದು ಅನ್ನುವುದಕ್ಕೂ ಮುಂಚೆ ಹಕ್ಕು ಇನ್ನೂ ಇದೆಯೋ ಇಲ್ಲವೋ ನೋಡಬೇಕು. ನಮ್ಮ ದೇಶದಲ್ಲಿ ಲೇಖಕರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮೇಲೆ ಇನ್ನೂ 60 ವರ್ಷ ಹಕ್ಕು ಇರುತ್ತದೆ. ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ ಎಣಿಕೆ. ಮೊದಲು ಇದು 50 ವರ್ಷ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಹತ್ತು ವರ್ಷ ಸೇರಿಸಿದರು, 1992ರಲ್ಲಿ. ಗೋವಿಂದ ಪೈಗಳೂ ತ್ರಿವೇಣಿಯವರೂ ಹೋದದ್ದು 1963ರಲ್ಲಿ, ಆದ್ದರಿಂದ ಅವರ ಪುಸ್ತಕಗಳು 2024ರ ಜನವರಿ 1ಕ್ಕೆ ಎಲ್ಲರವೂ ಆದವು. ಆಲೂರು ವೆಂಕಟರಾಯರು ಹೋದದ್ದು 1964ರಲ್ಲಿ, ಅವರದು 2025ಕ್ಕೆ. ದೊಡ್ಡವರ ವಿಷಯದಲ್ಲಿ ಲೆಕ್ಕ ಸುಲಭ. ಅವರು ಹೋದ ದಿನ ಪೇಪರಿನಲ್ಲಿ ಬಂದಿರುತ್ತದೆ, ಪಠ್ಯಪುಸ್ತಕದಲ್ಲಿ ಇರುತ್ತದೆ, ಪುತ್ಥಳಿಯ ಕೆಳಗೂ ಕೆತ್ತಿರುತ್ತಾರೆ.

ನಮ್ಮ ಮೇಷ್ಟ್ರು ಯಾವಾಗ ಹೋದರು?

ಮನೆಯವರಿಗೆ ತಿಥಿ ಚೆನ್ನಾಗಿ ಗೊತ್ತು. ಮಾರ್ಗಶಿರ ಬಹುಳ ದಶಮಿ. ಪ್ರತಿ ವರ್ಷ ತಪ್ಪದೆ ಶ್ರಾದ್ಧ ಮಾಡುತ್ತಾರೆ, ಆ ದಿನ ಯಾವ ಅಡುಗೆ ಅನ್ನುವುದೂ ಗೊತ್ತು. ವರ್ಷ ಮಾತ್ರ ಗೊತ್ತಿಲ್ಲ! ಶ್ರಾದ್ಧಕ್ಕೆ ತಿಥಿ ಬೇಕು, ವರ್ಷ ಬೇಡ. ಕಾನೂನಿಗೆ ವರ್ಷ ಬೇಕು, ತಿಥಿ ಬೇಡ. ದೊಡ್ಡ ಮಗಳಿಗೆ ಈಗ 83. ನೆನಪು ಮಾಡಿಕೊಂಡು, “ಇಂದಿರಾ ಗಾಂಧಿ ಹೋದ ವರ್ಷವೋ, ಅದರ ಮರುವರ್ಷವೋ. ರಕ್ತಾಕ್ಷಿಯೋ ಕ್ರೋಧನವೋ ಇರಬೇಕು” ಅಂದರು.

ಹಳೆಯ ಪಂಚಾಂಗ ಹುಡುಕಿ ನೋಡಿದೆ. ಇಂದಿರಾ ಗಾಂಧಿ ಹತ್ಯೆಯಾದ ವರ್ಷವೇ ಆಗಿದ್ದರೆ ಆ ತಿಥಿ ಬಿದ್ದದ್ದು 1984ರ ಡಿಸೆಂಬರಿನಲ್ಲಿ. ಮರುವರ್ಷ ಆಗಿದ್ದರೆ? ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಹಬ್ಬ ತಿಥಿ ಎಲ್ಲ ಮುಂದಕ್ಕೆ ಸರಿದು, ಮಾರ್ಗಶಿರ ಬಹುಳ ದಶಮಿ 1986ರ ಜನವರಿ ಮೊದಲ ವಾರಕ್ಕೆ ಹೋಯಿತು. ಮನೆಯವರಿಗೆ ಒಂದೇ ವರ್ಷದ ಅನುಮಾನ, ಕಾನೂನಿನ ಲೆಕ್ಕದಲ್ಲಿ ಎರಡು ವರ್ಷದ ವ್ಯತ್ಯಾಸ. ಒಂದು ಲೆಕ್ಕಕ್ಕೆ 2045ರ ಜನವರಿ 1ಕ್ಕೆ ಪುಸ್ತಕ ಬಿಡುಗಡೆ, ಇನ್ನೊಂದಕ್ಕೆ 2047. ಒಂದು ಅಧಿಕ ಮಾಸ ಕೃತಿಸ್ವಾಮ್ಯಕ್ಕೂ ಕೈಹಾಕುತ್ತದೆ ಅಂತ ನಾನಂತೂ ಎಣಿಸಿರಲಿಲ್ಲ.

ಹೇಗಿದ್ದರೂ ಹಕ್ಕು ಇನ್ನೂ ಇದೆ ಅನ್ನುವುದಷ್ಟು ಖಚಿತವಾಯಿತು. ಆದರೂ ವರ್ಷ ಗೊತ್ತಿರಲಿ ಅಂತ ಕಚೇರಿಗಳಿಗೆ ಅಲೆದೆ. ಜನನ ಮರಣ ನೋಂದಣಿ ಕಾಯಿದೆ 1969ರದು, ಹಾಗಾಗಿ ದಾಖಲೆ ಇರಲೇಬೇಕಿತ್ತು. ಹಳ್ಳಿಯಲ್ಲಿ ಆದ ಸಾವು, ಯಾರೂ ಬರೆಸಿರಲಿಲ್ಲ. ಮೇಷ್ಟ್ರು ಸರ್ಕಾರಿ ನೌಕರರು, ಪಿಂಚಣಿ ಕಡತದಲ್ಲಿ ದಿನಾಂಕ ಇರುತ್ತದಲ್ಲ ಅಂತ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ‘ಮೂರನೆಯ ವ್ಯಕ್ತಿಯ ವೈಯಕ್ತಿಕ ಮಾಹಿತಿಯಾದ್ದರಿಂದ ನೀಡಲು ಬರುವುದಿಲ್ಲ’ ಅಂತ ಉತ್ತರ ಬಂತು. ಸರಿ, ಮೊಮ್ಮಗಳ ಕೈಲೇ ಅರ್ಜಿ ಹಾಕಿಸಿದೆವು. ಈ ಸಲ ‘ಸದರಿ ಕಡತವನ್ನು ಅವಧಿ ಮೀರಿದ್ದರಿಂದ ನಾಶಪಡಿಸಲಾಗಿದೆ’ ಅಂತ ಬಂತು. ಹಾಗಾದರೆ ಮೊದಲ ಸಲ ಇಲ್ಲದ ಕಡತವನ್ನೇ ಕೊಡಲು ಬರುವುದಿಲ್ಲ ಅಂದಿದ್ದರೋ ಏನೋ.

ಈಗ ವಾರಸುದಾರರ ವಿಷಯ. ಮೇಷ್ಟ್ರು ಉಯಿಲು ಬರೆದಿರಲಿಲ್ಲ. ಹೊಲ ಮನೆ ಹೇಗೆ ಮಕ್ಕಳಿಗೆ ಹಂಚಿಹೋಗುತ್ತದೋ ಹಾಗೇ ಪುಸ್ತಕದ ಹಕ್ಕೂ ಹೋಗುತ್ತದೆ. ಹೊಲಕ್ಕೆ ಪಹಣಿ ಇರುತ್ತದೆ, ಪುಸ್ತಕಕ್ಕೆ ಇಲ್ಲ. ಮಕ್ಕಳು ನಾಲ್ವರು. ದೊಡ್ಡ ಮಗಳು ಇದ್ದಾರೆ. ಎರಡನೆಯ ಮಗಳು ಇಲ್ಲ, ಅವರ ಇಬ್ಬರು ಗಂಡುಮಕ್ಕಳಿದ್ದಾರೆ. ದೊಡ್ಡ ಮಗ ಇಲ್ಲ, ಅವರ ಹೆಂಡತಿ ಮತ್ತು ಮೂವರು ಮಕ್ಕಳಿದ್ದಾರೆ. ಹೀಗೆ ಏಳು ಜನ ಸಿಕ್ಕರು. ಎಲ್ಲರೂ ಒಳ್ಳೆಯವರೇ. ಒಬ್ಬರು ಮಾತ್ರ, “ಎಷ್ಟು ಬರುತ್ತೆ?” ಅಂತ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು, ನಾನು ಲೆಕ್ಕ ಬರೆದು ಕಳಿಸಿದೆ. 300 ಪ್ರತಿ, ಬೆಲೆ 120 ರೂಪಾಯಿ, ಶೇಕಡಾ 10ರ ಗೌರವಧನ. ಎಲ್ಲ ಮಾರಿಹೋದರೆ 3,600 ರೂಪಾಯಿ. ನಾಲ್ಕು ಮಕ್ಕಳ ಪಾಲಿಗೆ ತಲಾ 900. ದೊಡ್ಡ ಮಗನ ಪಾಲು ನಾಲ್ಕು ಜನಕ್ಕೆ ಹಂಚಿದರೆ ತಲಾ 225. ಏಳು ಜನರ ಒಪ್ಪಿಗೆ ಪತ್ರಕ್ಕೆ ಛಾಪಾ ಕಾಗದ, ನೋಟರಿ ಅಂತ ಹೋದರೆ ಇದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಕೇಳಿದವರೇ ನಕ್ಕು, “ನನ್ನ ಪಾಲಿಗೆ ಪುಸ್ತಕಾನೇ ಕೊಡಿ” ಅಂದರು.

ಸಿಗದವರು ಕಿರಿಯ ಮಗ. ಎಪ್ಪತ್ತರ ದಶಕದಲ್ಲಿ ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹೋದವರು. ಕೆಲವು ವರ್ಷ ಮನಿಯಾರ್ಡರ್ ಬರುತ್ತಿತ್ತಂತೆ. ತಂದೆ ತೀರಿಕೊಂಡಾಗ ಕೊಟ್ಟ ಟೆಲಿಗ್ರಾಂ ವಾಪಸ್ಸು ಬಂತಂತೆ. ಬದುಕಿದ್ದಾರೋ, ಮದುವೆಯಾಗಿದ್ದರೋ, ಮಕ್ಕಳಿದ್ದಾರೋ ಯಾರಿಗೂ ಗೊತ್ತಿಲ್ಲ. ದೊಡ್ಡ ಮಗಳು ಅವರ ಹೆಸರು ಹೇಳುವಾಗ ಇವತ್ತಿಗೂ ದನಿ ತಗ್ಗಿಸುತ್ತಾರೆ. ಆ ಮನೆಯಲ್ಲಿ ಅದು ಹಳೆಯ ನೋವು. ನನ್ನ 225 ರೂಪಾಯಿ ಲೆಕ್ಕದ ಪುಸ್ತಕಕ್ಕಾಗಿ ಅದನ್ನು ಕೆದಕಿದೆನಲ್ಲ ಅಂತ ನನಗೇ ಮುಜುಗರವಾಯಿತು.

ಇಂಥ ಸಂದರ್ಭಕ್ಕೆ ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. ಕೃತಿಸ್ವಾಮ್ಯ ಕಾಯಿದೆಯ 31ಎ ಕಲಮು ಇರುವುದೇ ಇದಕ್ಕೆ. ಲೇಖಕರು ತೀರಿಕೊಂಡಿದ್ದು, ಹಕ್ಕುದಾರರು ಸಿಗದಿದ್ದರೆ, ಪ್ರಕಟಿಸಲು ಪರವಾನಗಿ ಕೇಳಬಹುದು. ಗೌರವಧನವನ್ನು ಠೇವಣಿ ಇಡಬೇಕು. ಮುಂದೆ ಹಕ್ಕುದಾರರು ಬಂದರೆ ಆ ಹಣ ಅವರಿಗೆ. ಮೊದಲು ಇದು ಅಪ್ರಕಟಿತ ಕೃತಿಗಳಿಗೆ ಮಾತ್ರ ಇತ್ತು, 2012ರ ತಿದ್ದುಪಡಿಯಲ್ಲಿ ಪ್ರಕಟಿತ ಪುಸ್ತಕಗಳಿಗೂ ತಂದರು. ಓದಿದಾಗ ಎಷ್ಟು ಖುಷಿಯಾಯಿತು ಅಂದರೆ, ಹೆಂಡತಿಯನ್ನು ಕರೆದು ಓದಿ ಹೇಳಿದೆ.

ಮುಂದಿನ ಸಾಲು ಓದಿ ಖುಷಿ ಇಳಿಯಿತು. ಅರ್ಜಿ ಹಾಕುವ ಮುನ್ನ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಯಾವ ಪತ್ರಿಕೆ? ದೇಶದ ಹೆಚ್ಚಿನ ಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆ. ಅನುವಾದ ಪ್ರಕಟಿಸುವುದಾದರೆ ಮಾತ್ರ ಆ ಅನುವಾದದ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು. ಮೂಲ ಕನ್ನಡ ಪುಸ್ತಕ ಕನ್ನಡದಲ್ಲೇ ಬರುವುದಾದರೆ ಕನ್ನಡ ಪತ್ರಿಕೆಯ ಮಾತೇ ಇಲ್ಲ. ತುಮಕೂರು ಸೀಮೆಯ ಕನ್ನಡ ಮೇಷ್ಟ್ರ ಮಗನನ್ನು ದೆಹಲಿ ಕೋಲ್ಕತ್ತಾದವರೂ ಓದುವ ಇಂಗ್ಲಿಷ್ ಪೇಪರಿನಲ್ಲಿ ಕೂಗಿ ಕರೆಯಬೇಕು! ಜಾಹೀರಾತಿನ ದರ ವಿಚಾರಿಸಿದೆ. ನನ್ನ 300 ಪ್ರತಿಯ ಅಚ್ಚಿನ ಖರ್ಚಿಗಿಂತ ಜಾಸ್ತಿ ಹೇಳಿದರು.

ಅರ್ಜಿ ಹಾಕುವುದು ಎಲ್ಲಿಗೆ ಅನ್ನುವುದು ಇನ್ನೊಂದು ಕತೆ. ಮೊದಲು ಕಾಪಿರೈಟ್ ಬೋರ್ಡ್ ಇತ್ತು. 2017ರಲ್ಲಿ ಅದರ ಕೆಲಸವನ್ನು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಕೊಟ್ಟರು. 2021ರಲ್ಲಿ ಆ ಮಂಡಳಿಯನ್ನೂ ಮುಚ್ಚಿದರು. ಈಗ ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ದೊಡ್ಡ ದೊಡ್ಡ ಕಂಪನಿಗಳ ಕರಾರಿನ ಜಗಳ ನಡೆಯುವ ಕಟ್ಟೆ ಅದು. ಅಲ್ಲಿ ನಾನು ವಕೀಲರನ್ನಿಟ್ಟು 3,600 ರೂಪಾಯಿ ಗೌರವಧನದ, 96 ಪುಟದ ಕೆರೆ ಪುಸ್ತಕಕ್ಕೆ ನಿಲ್ಲಬೇಕು. ನನಗೆ ಗೊತ್ತಿರುವ ವಕೀಲರೊಬ್ಬರು, “ಫೀಸು ಬೇಡ, ಆದರೆ ನಿಮ್ಮ ಹಣೆಬರಹ ಎಷ್ಟು ವರ್ಷ ಅಂತ ಹೇಳಲಾರೆ” ಅಂದರು. ಕೆನಡಾದಲ್ಲಿ ಇಂಥ ಅರ್ಜಿ ಅವರ ಕಾಪಿರೈಟ್ ಬೋರ್ಡಿಗೇ ಹೋಗುತ್ತದೆ. ಹುಡುಕಲು ತಕ್ಕಷ್ಟು ಪ್ರಯತ್ನ ಮಾಡಿದ್ದೇವೆ ಅಂತ ತೋರಿಸಿದರೆ ಅವರೇ ಪರವಾನಗಿ ಕೊಡುತ್ತಾರೆ.

“ಸುಮ್ನೆ ಅಚ್ಚು ಹಾಕಿ ಮಾರಾಯ್ರೇ, ಯಾರು ಕೇಳ್ತಾರೆ?” ಅಂತ ಹೇಳಿದವರು ಹತ್ತು ಜನ. ಅವರಲ್ಲಿ ಇಬ್ಬರು ಪ್ರಕಾಶಕರು. ಸ್ಕ್ಯಾನ್ ಮಾಡಿ ಹಾಕಿಬಿಡಿ ಅಂದವರೂ ಇದ್ದಾರೆ. ಗೊತ್ತಿದ್ದೂ ಹಕ್ಕು ಮುರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಅನ್ನುತ್ತದೆ ಕಾಯಿದೆ. ನನ್ನ ಕೈ ಕಟ್ಟಿದ್ದು ಅದೊಂದೇ ಅಲ್ಲ. ಅರಿಕೆಯಲ್ಲಿ ಮೇಷ್ಟ್ರು, ಪುಸ್ತಕಕ್ಕೆ ಹೆಂಡತಿಯ ಬಳೆ ಅಡವಿಟ್ಟಿದ್ದನ್ನು ಒಂದು ಸಾಲಿನಲ್ಲಿ ಬರೆದಿದ್ದಾರೆ. ಹಾಗೆ ಅಚ್ಚಾದ ಪುಸ್ತಕವನ್ನು ಕೇಳದೆ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಇದು ನನ್ನೊಬ್ಬನ ಗೋಳಾಗಿದ್ದರೆ ತಮಗೆ ಬರೆಯುತ್ತಿರಲಿಲ್ಲ. ಐವತ್ತು ಅರವತ್ತರ ದಶಕದಲ್ಲಿ ಊರೂರಿನ ಮೇಷ್ಟ್ರುಗಳು, ವೈದ್ಯರು, ಶಾನುಭೋಗರು, ಮನೆಯಲ್ಲೇ ಇದ್ದ ಹೆಂಗಸರು ಸಣ್ಣ ಸಣ್ಣ ಪುಸ್ತಕ ಬರೆದಿದ್ದಾರೆ. ದನದ ಕಾಯಿಲೆಯ ಮೇಲೆ, ಬಾಣಂತಿ ಆರೈಕೆಯ ಮೇಲೆ, ಊರಿನ ಜಾತ್ರೆಯ ಮೇಲೆ, ಗಾದೆಗಳ ಮೇಲೆ. ಹೆಚ್ಚಿನವು ಒಂದೇ ಮುದ್ರಣ ಕಂಡವು. ಗ್ರಂಥಾಲಯವೊಂದರಲ್ಲಿ ಈ ಪುಸ್ತಕದ ಇನ್ನೊಂದು ಪ್ರತಿ ಕೇಳಿದೆ. ರಿಜಿಸ್ಟರಿನಲ್ಲಿ ಇತ್ತು, ಕಪಾಟಿನಲ್ಲಿ ಇರಲಿಲ್ಲ. ಮಾರುಕಟ್ಟೆಯಲ್ಲಿ ಸಿಗದ ಪುಸ್ತಕವನ್ನು ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ಮಾಡಿಟ್ಟುಕೊಳ್ಳಬಹುದು, ಕಾನೂನು ಒಪ್ಪುತ್ತದೆ. ನನ್ನ ಪ್ರತಿಯನ್ನೇ ಕೊಡುತ್ತೇನೆ ಅಂದೆ. ಸಾಹೇಬರು ರಜೆಯಲ್ಲಿದ್ದಾರೆ ಅಂದರು. ಸಾಹೇಬರು ಬಂದ ಮೇಲೆ ವರ್ಗವಾದರು.

ಹಾಗಾಗಿ ಪ್ರಾಧಿಕಾರವನ್ನು ನಾನು ಕೇಳಿಕೊಳ್ಳುವುದು ಇಷ್ಟು.

ಮೊದಲನೆಯದು ಒಂದು ಪಟ್ಟಿ. ಕನ್ನಡದಲ್ಲಿ ಪುಸ್ತಕ ಬರೆದವರ ಹೆಸರು, ಊರು, ತೀರಿಕೊಂಡಿದ್ದರೆ ವರ್ಷ, ಹಕ್ಕಿನ ವಿಷಯಕ್ಕೆ ಯಾರನ್ನು ಕೇಳಬೇಕು ಅನ್ನುವುದು. ಇದು ಹೊಸ ಯೋಚನೆಯೇನಲ್ಲ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಹ್ಯಾರಿ ರ್‍ಯಾನ್ಸಮ್ ಸೆಂಟರ್ ಮತ್ತು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯ ಸೇರಿ ‘ವಾಚ್’ ಅನ್ನುವ ಇಂಥದೇ ಪಟ್ಟಿಯನ್ನು 1990ರ ದಶಕದಿಂದ ನಡೆಸುತ್ತಿವೆ. ಲೇಖಕರ ಹೆಸರು ಕೊಟ್ಟರೆ ಹಕ್ಕು ಯಾರ ಹತ್ತಿರ ಅನ್ನುವುದು ಸಿಗುತ್ತದೆ. ನಮ್ಮಲ್ಲಿ ಇದಕ್ಕೆ ಬೇಕಾದ ಮಾಹಿತಿ ಚೂರುಚೂರಾಗಿ ಎಲ್ಲ ಕಡೆ ಬಿದ್ದಿದೆ. ನಿಮ್ಮ ಕಡತಗಳಲ್ಲಿ ಇರಬಹುದು, ಅಕಾಡೆಮಿಯ ಪ್ರಶಸ್ತಿ ಅರ್ಜಿಗಳಲ್ಲಿ, ಪರಿಷತ್ತಿನ ಸದಸ್ಯತ್ವದ ಪುಸ್ತಕದಲ್ಲಿ, ಗ್ರಂಥಾಲಯ ಇಲಾಖೆಗೆ ಸಗಟು ಖರೀದಿಗೆ ಬಂದ ಅರ್ಜಿಗಳಲ್ಲಿ. ಹೊಸ ಪುಸ್ತಕದ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು ಅನ್ನುವ ಕಾನೂನು 1954ರಿಂದ ಇದೆ. ಆದರೆ ಬರೆದವರು ಹೋದ ಮೇಲೆ ಯಾರಿಗೆ ಕಾಗದ ಬರೆಯಬೇಕು ಅಂತ ಯಾರೂ ಎಲ್ಲೂ ಬರೆದಿಡುವುದಿಲ್ಲ.

ಮನೆಯವರ ಫೋನ್ ನಂಬರು, ವಿಳಾಸ ಎಲ್ಲರಿಗೂ ಕಾಣುವಂತೆ ಹಾಕಿ ಅಂತ ನಾನು ಕೇಳುತ್ತಿಲ್ಲ. ಅದು ತಪ್ಪು. ವಿಳಾಸ ನಿಮ್ಮ ಹತ್ತಿರವೇ ಇರಲಿ. ನನ್ನಂಥವರು ನಿಮಗೆ ಕಾಗದ ಬರೆದರೆ ಅದನ್ನು ಅವರಿಗೆ ದಾಟಿಸಿ. ಇಷ್ಟ ಇದ್ದರೆ ಉತ್ತರ ಬರೆಯಲಿ, ಇಲ್ಲದಿದ್ದರೆ ಬಿಡಲಿ. ಒಬ್ಬ ಗುಮಾಸ್ತರು, ಒಂದು ಮೇಜು, ಒಂದು ಅಂಚೆ ರಿಜಿಸ್ಟರು. ಶುರು ಮಾಡಲು ಇಷ್ಟು ಸಾಕು. ತೀರಿಕೊಂಡ ವರ್ಷವನ್ನಂತೂ ಯಾರ ಮುಲಾಜೂ ಇಲ್ಲದೆ ಪ್ರಕಟಿಸಬಹುದು. ಆ ಒಂದು ಅಂಕೆ ಗೊತ್ತಾದರೆ ಎಷ್ಟೋ ಪುಸ್ತಕಗಳಿಗೆ ಹಕ್ಕುದಾರರನ್ನು ಹುಡುಕುವ ಅಗತ್ಯವೇ ಬರುವುದಿಲ್ಲ. 1961ರ ಪುಸ್ತಕದ ಲೇಖಕರು 1964ರಲ್ಲೇ ಹೋಗಿದ್ದರೆ ಅದು ಈಗಾಗಲೇ ಎಲ್ಲರದು. ಗೊತ್ತಿಲ್ಲದೆ ನಾವು ಮುಟ್ಟದೆ ಕೂತಿದ್ದೇವೆ.

ಎರಡನೆಯದು 31ಎ ಕಲಮಿನ ಉಪಯೋಗ. ನನ್ನಂಥವನು ಒಂದೊಂದೇ ಪುಸ್ತಕ ಹಿಡಿದು ಇಂಗ್ಲಿಷ್ ಪೇಪರು, ವಾಣಿಜ್ಯ ನ್ಯಾಯಾಲಯ ಅಂತ ಓಡಾಡಲು ಆಗುವುದಿಲ್ಲ. ಪ್ರಾಧಿಕಾರ ವರ್ಷಕ್ಕೊಮ್ಮೆ ಇಂಥ ಐವತ್ತು ಪುಸ್ತಕ ಆರಿಸಿ, ಒಂದೇ ಪ್ರಕಟಣೆಯಲ್ಲಿ ಎಲ್ಲದರ ಹೆಸರು ಹಾಕಿಸಿ, ಸರ್ಕಾರಿ ವಕೀಲರ ಮೂಲಕ ಅರ್ಜಿ ಹಾಕಿಸಬಹುದಲ್ಲವೇ? ಪರವಾನಗಿ ಸಿಕ್ಕ ಮೇಲೆ ಪುಸ್ತಕವನ್ನು ನೀವೇ ತನ್ನಿ, ನನಗೇ ಕೊಡಬೇಕು ಅಂತಿಲ್ಲ. ಜೊತೆಗೆ, ಯಾವ ಭಾಷೆಯ ಪುಸ್ತಕವೋ ಆ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಇರಬೇಕು ಅಂತ ಕೇಂದ್ರಕ್ಕೆ ರಾಜ್ಯದಿಂದ ಒಂದು ಪತ್ರ ಹೋಗಲಿ. ಇಂಗ್ಲಿಷ್ ಪೇಪರಿನಲ್ಲಿ ಸಿಗದ ಆ ಕಿರಿಯ ಮಗ, ಮುಂಬಯಿಯಲ್ಲೂ ಓದುವ ಒಂದು ಕನ್ನಡ ಪತ್ರಿಕೆಯಲ್ಲಿ ಸಿಕ್ಕರೂ ಸಿಗಬಹುದು.

ಪಕ್ಕದ ತಮಿಳುನಾಡು ಬೇರೆ ದಾರಿ ಹಿಡಿದಿದೆ. ಅಲ್ಲಿ ಸರ್ಕಾರವೇ ಲೇಖಕರ ವಾರಸುದಾರರಿಗೆ ಒಂದು ಮೊತ್ತ ಕೊಟ್ಟು ಕೃತಿಗಳನ್ನು ನಾಡಿನ ಆಸ್ತಿ ಅಂತ ಘೋಷಿಸುತ್ತದೆ. ಸುಬ್ರಹ್ಮಣ್ಯ ಭಾರತಿಯವರ ಕೃತಿಗಳಿಂದ ಶುರುವಾಗಿ ಎಷ್ಟೋ ಲೇಖಕರ ಪುಸ್ತಕಗಳು ಹೀಗೆ ಬಿಡುಗಡೆಯಾಗಿವೆ. ಅದರಲ್ಲಿ ಯಾರನ್ನು ಆರಿಸುತ್ತಾರೆ ಅನ್ನುವ ರಾಜಕೀಯ ಇದ್ದೇ ಇರುತ್ತದೆ, ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆದರೂ ನಾವು ಆ ಬಗ್ಗೆ ಮಾತನ್ನಾದರೂ ಆಡಬಹುದು. ಕನ್ನಡದಲ್ಲಿ ಮನೆಯವರೇ ಮನಸ್ಸು ಮಾಡಿದ ಉದಾಹರಣೆಯೂ ಇದೆ. ನಿರಂಜನರ ಪುಸ್ತಕಗಳನ್ನು ಅವರ ಕುಟುಂಬದವರು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು.

ಇನ್ನೊಂದು ಮಾತು ನಿಮಗಷ್ಟೇ ಅಲ್ಲ, ಈ ಪತ್ರ ಓದುವ ಲೇಖಕರಿಗೂ ನನ್ನ ಜೊತೆಯ ಪ್ರಕಾಶಕರಿಗೂ. ‘ಹಕ್ಕುಗಳು: ಲೇಖಕರವು’ ಅಂತ ಬರೆದು ಸುಮ್ಮನಾಗಬೇಡಿ. ನಾನೂ ಇಷ್ಟು ವರ್ಷ ಹಾಗೇ ಹಾಕಿಸಿದ್ದೇನೆ, ಒಪ್ಪಿಕೊಳ್ಳುತ್ತೇನೆ. ನಿಮ್ಮ ನಂತರ ಪುಸ್ತಕದ ವಿಷಯ ನೋಡಿಕೊಳ್ಳುವವರು ಯಾರು ಅಂತ ಒಂದು ಬಿಳಿ ಹಾಳೆಯಲ್ಲಿ ಉಯಿಲು ಬರೆದು, ನೀವೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಡಿ. ಉಯಿಲಿಗೆ ನೋಂದಣಿ ಕಡ್ಡಾಯವೇನಲ್ಲ. ಮಕ್ಕಳೆಲ್ಲರ ಹೆಸರು ಬರೆಯುವ ಬದಲು ಒಬ್ಬರ ಹೆಸರು ಬರೆದರೆ ಮುಂದೆ ಒಪ್ಪಿಗೆ ಕೇಳುವವನ ಜೀವ ಉಳಿಯುತ್ತದೆ. ಯಾರಿಗೂ ಬೇಡ, ಎಲ್ಲರೂ ಓದಲಿ ಅನ್ನುವವರು ಬದುಕಿರುವಾಗಲೇ ಹಕ್ಕು ಬಿಟ್ಟುಕೊಡಲು 21ನೇ ಕಲಮು ಇದೆ. ಸಗಟು ಖರೀದಿಗೆ ಬರುವ ಪುಸ್ತಕಗಳಲ್ಲಿ ಈ ವಿವರ ಇರಲೇಬೇಕು ಅಂತ ಸರ್ಕಾರ ಒಂದು ಸಾಲು ಸೇರಿಸಿದರೆ ಪ್ರಕಾಶಕರು ಮರುದಿನವೇ ಕಲಿತುಕೊಳ್ಳುತ್ತೇವೆ. ನಮ್ಮ ಜಾತಿ ನಿಮಗೆ ಗೊತ್ತಲ್ಲ.

ಮೇಷ್ಟ್ರ ಮನೆಯವರಿಗೆ ಪುಸ್ತಕದ ಜೆರಾಕ್ಸ್ ಕಳಿಸಿದ್ದೆ. ಹೋದ ತಿಂಗಳು ಅರಸೀಕೆರೆಯಿಂದ ದೊಡ್ಡ ಮಗಳು ಫೋನ್ ಮಾಡಿಸಿದರು. 41ನೇ ಪುಟದ ತೂಬಿನ ಚಿತ್ರದಲ್ಲಿರುವ ನೀರಗಂಟಿಯ ಹೆಸರು ಅವರಿಗೆ ನೆನಪಾಯಿತಂತೆ. ಬರೆದುಕೊಳ್ಳಿ ಅಂತ ಹೇಳಿಸಿದರು, ಬರೆದುಕೊಂಡೆ. ಅವರಿಗೆ 83 ವರ್ಷ ಅಂತ ಮೊದಲೇ ಹೇಳಿದ್ದೇನೆ. ಹೊಸ ಪುಸ್ತಕವನ್ನು ಅವರ ಕೈಗೆ ಕೊಡಬೇಕು ಅನ್ನುವುದು ನನ್ನ ಆಸೆ.

ತಾವು ಒಂದು ದಿನ ಹೇಳಿದರೆ ನಾನು ಕನ್ನಡ ಭವನಕ್ಕೆ ಬರುತ್ತೇನೆ. ತುಮಕೂರಿನಿಂದ ಬೆಳಗಿನ ರೈಲಿದೆ. ಅರ್ಜಿಗಳು, ಉತ್ತರಗಳು, ಏಳು ಜನರ ಒಪ್ಪಿಗೆ ಪತ್ರ, ಪಂಚಾಂಗದ ಎರಡು ಹಾಳೆ, ಎಲ್ಲವನ್ನೂ ಒಂದು ಫೈಲಿನಲ್ಲಿ ಜೋಡಿಸಿಟ್ಟಿದ್ದೇನೆ. ನಿಮ್ಮ ಕಚೇರಿಗೊಂದು, ನನಗೊಂದು ಅಂತ ಎರಡು ಪ್ರತಿ ಮಾಡಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಣ್ಣ ಪ್ರಕಾಶಕ
ತುಮಕೂರು